ಡೊಂಬಿವಲಿ ಗಚ್ಚಿಯಿಂದ ಚಂದ್ರ: ನೂರು ಫ್ರೇಮು, ಒಂದು ಚಿತ್ರ

ಹುಣ್ಣಿಮೆ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಅಂದು ಬಿಸಿಲು ನೇರ ಬೀಳುವುದರಿಂದ ಕುಳಿಗಳಿಗೆ ನೆರಳಿಲ್ಲ, ಚಂದ್ರ ತಟ್ಟಿಟ್ಟ ಜೋಳದ ರೊಟ್ಟಿಯಂತೆ ಚಪ್ಪಟೆ. ಶುಕ್ಲ ಅಷ್ಟಮಿಯಿಂದ ದಶಮಿಯವರೆಗೆ ಬೆಳಕು-ಕತ್ತಲು ಕೂಡುವ ಗೆರೆಯಲ್ಲಿ ಕುಳಿಗಳ ಅಂಚು ಎದ್ದು ಕಾಣುತ್ತದೆ. ಮುಂಬಯಿಯ ದೀಪಗಳು ನಕ್ಷತ್ರಗಳನ್ನು ನುಂಗುತ್ತವೆ, ಚಂದ್ರನಿಗೆ ಏನೂ ಮಾಡಲಾರವು. ಫೆಬ್ರವರಿ-ಮಾರ್ಚಿನ ಅಷ್ಟಮಿ ಚಂದ್ರ ಹೊತ್ತು ಮುಳುಗುವಾಗ ಇಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ದಾಟಬೇಕಾದ ಗಾಳಿ ಕಡಿಮೆ.

ಇಲ್ಲಿನ ನಿಜವಾದ ಕಾಟ ಬಿಸಿ ಮತ್ತು ತೇವದ್ದು. ಹಗಲೆಲ್ಲ ಕಾದ ಸ್ಲ್ಯಾಬು, ಸೊಸೈಟಿಯವರು ಹೊದಿಸಿದ ತಗಡಿನ ಶೆಡ್ಡು, ಎಸಿಯ ಹೊರಘಟಕ, ಇವುಗಳ ಮೇಲಿನ ಗಾಳಿ ಕುದಿಯುವ ನೀರಿನಂತೆ ಅಲುಗುತ್ತದೆ. ಅವನ್ನು ತಪ್ಪಿಸಿ ಟ್ರೈಪಾಡ್ ಇಡಿ. ಎಸಿ ಕೋಣೆಯಿಂದ ನೇರ ಗಚ್ಚಿಗೆ ತಂದ ಲೆನ್ಸು ನಿಮಿಷದೊಳಗೆ ಬೆವರುತ್ತದೆ. ಬ್ಯಾಗಿನ ಜಿಪ್ಪು ತೆಗೆಯದೆ ಅರ್ಧ ತಾಸು ಹೊರಗಿಡಿ.

ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 250 ಎಂಎಂ ಲೆನ್ಸು ಹಾಕಿದರೆ ಸೆನ್ಸರಿನ ಮೇಲೆ ಚಂದ್ರ ಬರೀ 2.3 ಮಿ.ಮೀ., 24 ಮೆಗಾಪಿಕ್ಸೆಲಿನಲ್ಲಿ ಸುಮಾರು 600 ಪಿಕ್ಸೆಲ್ ಅಗಲ. ಒಂದು ಪಿಕ್ಸೆಲಿಗೆ ಚಂದ್ರನ ಮೇಲಿನ ಸುಮಾರು 5.8 ಕಿ.ಮೀ.; 93 ಕಿ.ಮೀ. ಅಗಲದ ಕೊಪರ್ನಿಕಸ್ ಕುಳಿಗೆ ಸಿಗುವುದು 16 ಪಿಕ್ಸೆಲ್. ಇದನ್ನು ಮರೆಯದಿದ್ದರೆ ಆಮೇಲೆ ನಿರಾಸೆಯಿಲ್ಲ.

ಅರ್ಧಚಂದ್ರನಿಗೆ ಐಎಸ್‌ಒ 200, ಎಫ್/8, 1/125 ಸೆಕೆಂಡಿನಿಂದ ಶುರು ಮಾಡಿ. ಹೊಳೆಯುವ ಅಂಚು ಸುಟ್ಟುಹೋಗದಂತೆ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಡದಿಂದ ಮುಕ್ಕಾಲರೊಳಗೆ ಇರಲಿ. ರಾ ಫೈಲು (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ), ಸ್ಟೆಬಿಲೈಸರ್ ಆಫ್, ಕೇಬಲ್ ರಿಮೋಟು. ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ, ನೆರಳಿನ ಗೆರೆಯ ಮೇಲಿನ ಕುಳಿಯೊಂದರ ಮೇಲೆ ಕೈಯಿಂದ ಫೋಕಸ್ ಮಾಡಿ, ರಿಂಗಿಗೆ ಟೇಪು ಅಂಟಿಸಿ. ಆಮೇಲೆ ಒಂದರ ಮೇಲೊಂದು ಕೂಡಿಸಿ ಒಂದೇ ಚಿತ್ರ ಮಾಡಲು ನೂರು ಫ್ರೇಮು ಸಾಕು. ಎರಡು ನಿಮಿಷದಲ್ಲಿ ಚಂದ್ರ ತನ್ನಷ್ಟೇ ಅಗಲ ಸರಿಯುತ್ತಾನೆ. ಫ್ರೇಮಿನ ಅಂಚಿಗೆ ಬಂದಾಗ ಮತ್ತೆ ನಡುವಿಗೆ ತಂದರಾಯಿತು.

ಮುಂದಿನದು ಕಂಪ್ಯೂಟರ್ ಕೆಲಸ, ತಂತ್ರಾಂಶಗಳೆಲ್ಲ ಪುಕ್ಕಟೆ. ಫ್ರೇಮುಗಳಲ್ಲಿ ಚಂದ್ರನನ್ನು ನಡುವಿಗೆ ತರುವ ಪಿಪ್‌ನಲ್ಲಿ (PIPP) ಪೂರ್ಣ ಬಿಂಬದ ಆಯ್ಕೆ ಒತ್ತಿ, 800 ಪಿಕ್ಸೆಲಿಗೆ ಕತ್ತರಿಸಿ, ಟಿಫ್ ಆಗಿ ತೆಗೆಯಿರಿ. ಆಟೋಸ್ಟಾಕರ್ಟ್ (AutoStakkert) ಫ್ರೇಮುಗಳನ್ನು ಗುಣದ ಪ್ರಕಾರ ಸಾಲಾಗಿಡುತ್ತದೆ. ಮೇಲಿನ 30 ಆರಿಸಿ ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯಿರಿ.

ಬಂದ ಚಿತ್ರ ಬಿಡಿ ಫ್ರೇಮಿಗಿಂತ ಮಂಕಾಗಿ ಕಾಣುತ್ತದೆ! ಹೊಸಬರು ಇಲ್ಲೇ ಕೈಚೆಲ್ಲುತ್ತಾರೆ. ಸ್ಟ್ಯಾಕಿಂಗ್ ಚೂಪು ಮಾಡುವುದಿಲ್ಲ, ಕಾಳುಕಾಳು ಗದ್ದಲ ತಗ್ಗಿಸುತ್ತದೆ. 30 ಫ್ರೇಮಿಗೆ ಸುಮಾರು ಐದೂವರೆ ಪಟ್ಟು, ಅಂದರೆ 30ರ ವರ್ಗಮೂಲದಷ್ಟು. ಗದ್ದಲ ಇಳಿದದ್ದರಿಂದಲೇ ಈಗ ರೆಜಿಸ್ಟ್ಯಾಕ್ಸ್ (RegiStax) ತಂತ್ರಾಂಶದ, ಚಿತ್ರ ಚೂಪು ಮಾಡುವ ವೇವ್‌ಲೆಟ್ ಸ್ಲೈಡರುಗಳನ್ನು ಧೈರ್ಯವಾಗಿ ಎಳೆಯಬಹುದು. ಬಿಡಿ ಫ್ರೇಮನ್ನು ಅಷ್ಟು ಎಳೆದರೆ ಮರಳು ಎರಚಿದಂತಾಗುತ್ತದೆ.

ಆದರೆ ಅತಿ ಮಾಡಿದರೆ ಚಂದ್ರನ ಅಂಚಿಗೆ ಬಿಳಿ ಬಳೆ ಬರುತ್ತದೆ. ಅತಿಯಾಯಿತೇ ಎಂದು ಪರೀಕ್ಷಿಸಲು ನವಮಿಯ ಚಂದ್ರನಲ್ಲಿ ಪ್ಲೇಟೊ ಕುಳಿ ಒಳ್ಳೆಯದು: ನೂರು ಕಿ.ಮೀ. ಅಗಲದ, ನುಣ್ಣಗಿನ ಕಪ್ಪು ತಳ. ಅದರೊಳಗೆ ಪುಟ್ಟ ಕುಳಿಗಳಿರುವುದು ನಿಜ, ಆದರೆ ಅವು ನಿಮ್ಮ ಒಂದು ಪಿಕ್ಸೆಲಿಗಿಂತ ಚಿಕ್ಕವು. ಆ ತಳದಲ್ಲಿ ಚುಕ್ಕಿಗಳು ಕಂಡರೆ ಅವು ಚಂದ್ರನವಲ್ಲ, ಸ್ಲೈಡರಿನವು.