ಬಾಂಬೋಳಿಯ ವಾರ್ಡಿನಲ್ಲಿ ಕಲಿತ ಲೆಕ್ಕ

ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಮೆಡಿಸಿನ್ ವಾರ್ಡಿನಲ್ಲಿ ಕಾರವಾರ, ಅಂಕೋಲಾ ಕಡೆಯ ರೋಗಿಗಳು ಯಾವಾಗಲೂ ಇರುತ್ತಿದ್ದರು. ರೌಂಡ್ಸಿಗೆ ಬಂದ, ನಮಗೆ ಕಲಿಸುತ್ತಿದ್ದ ಸರ್ ಕೇಸ್ ಶೀಟ್ ತಿರುವಿ, "ಇವರಿಗೆ ಇವತ್ತೂ ಡ್ರಿಪ್ ಯಾಕೆ?" ಎನ್ನುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಹಾಸಿಗೆ ಅಗ್ಗ ನಿಜ. ಆದರೆ ಒಂದು ದಿನ ಹೆಚ್ಚು ಮಲಗಿದರೆ ರೋಗಿಯ ಕೂಲಿಯೂ ಹೋಯಿತು, ಜೊತೆಗಿದ್ದವರ ಕೂಲಿಯೂ ಹೋಯಿತು.

ಜ್ವರ 24 ಗಂಟೆಯಿಂದ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿಲ್ಲ, ನಾಡಿ ನಿಮಿಷಕ್ಕೆ 100ರ ಒಳಗಿದೆ, ವಾಂತಿಯಿಲ್ಲ, ಗಂಜಿ ಸೇರುತ್ತಿದೆ ಎಂದಾದರೆ ಆಂಟಿಬಯೋಟಿಕ್ ಇಂಜೆಕ್ಷನ್ ಬಿಟ್ಟು ಮಾತ್ರೆಗೆ ಬರಬಹುದು. ಲೆವೊಫ್ಲಾಕ್ಸಸಿನ್, ಲಿನೆಜೋಲಿಡ್, ಮೆಟ್ರೊನಿಡಜೋಲ್ ನುಂಗಿದರೂ ಹೆಚ್ಚುಕಡಿಮೆ ಪೂರ್ತಿ ರಕ್ತ ಸೇರುತ್ತವೆ. ಸೆಫ್ಟ್ರಿಯಾಕ್ಸೋನಿಗೆ ಮಾತ್ರೆಯೇ ಇಲ್ಲ. ಅದರ ಬದಲು ಬರೆಯುವ ಸೆಫಿಕ್ಸಿಮ್ ಸುಮಾರು ಅರ್ಧದಷ್ಟೇ ಒಳಗೆ ಹೋಗುತ್ತದೆ. ಮೆದುಳಿನ ಪೊರೆಯ ಸೋಂಕು, ಹೃದಯ ಕವಾಟದ ಸೋಂಕಿಗೆ ಈ ಅವಸರ ಸಲ್ಲದು.

ಎಡವಟ್ಟಾಗುತ್ತಿದ್ದದ್ದು ಮಾತ್ರೆ ಕೊಡುವ ಹೊತ್ತಿನಲ್ಲಿ. ಲೆವೊಫ್ಲಾಕ್ಸಸಿನ್ ಜೊತೆಗೇ ಕಬ್ಬಿಣದ ಮಾತ್ರೆಯನ್ನೋ ಆಂಟಾಸಿಡ್ಡನ್ನೋ ಕೊಟ್ಟರೆ ಅವು ಕರುಳಲ್ಲೇ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತವೆ. ಜ್ವರ ಮರುಕಳಿಸುತ್ತದೆ, ಮಾತ್ರೆ ನಾಟಲಿಲ್ಲ ಎಂದು ಮತ್ತೆ ಡ್ರಿಪ್ ಏರುತ್ತದೆ. ಕನಿಷ್ಠ 2 ಗಂಟೆ ಅಂತರವಿಟ್ಟರೆ ಈ ತಾಪತ್ರಯವೇ ಇಲ್ಲ.

"ದಿನಾ ಸಿಬಿಸಿ" (ರಕ್ತಕಣಗಳ ಎಣಿಕೆ) ಎಂದು ಬರೆದರೆ ಎಷ್ಟು ದಿನ ಎಂಬುದನ್ನೂ ಬರೆಯಲೇಬೇಕಿತ್ತು. ನಿಲ್ಲಿಸುವ ದಿನವಿಲ್ಲದ ಆರ್ಡರ್ ಡಿಸ್ಚಾರ್ಜ್‌ವರೆಗೂ ಎಳೆಯುತ್ತದೆ.

ಉಳಿತಾಯದ ಹುಮ್ಮಸ್ಸಿನಲ್ಲಿ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿನ ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಬಿಟ್ಟರೆ ಮಾತ್ರ ಸರ್ ಕೆಂಡವಾಗುತ್ತಿದ್ದರು. ಆಂಟಿಬಯೋಟಿಕ್ ಶುರುವಾಗುವ ಮೊದಲೇ, ದೊಡ್ಡವರಾದರೆ ಬಾಟಲಿಗೆ 8–10 ಮಿಲಿ ರಕ್ತ. ಎರಡೇ ಮಿಲಿ ಹಾಕಿ ಕಳಿಸಿದರೆ ಇದ್ದ ಕ್ರಿಮಿಯೂ ಸಿಗದೆ ದುಬಾರಿ ಔಷಧ ಸುಮ್ಮನೆ ಮುಂದುವರಿಯುತ್ತದೆ. ಅದು ಉಳಿತಾಯವಲ್ಲ, ಜಿಪುಣತನ.

ಮುಂದಿನ ಭೇಟಿಯ ದಿನಾಂಕದಲ್ಲೂ ಖರ್ಚಿದೆ, ಅದು ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಆ ಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆಯನ್ನು 3 ತಿಂಗಳೊಳಗೆ ಮತ್ತೆ ಮಾಡಿಸಿ ಸಾಮಾನ್ಯವಾಗಿ ಉಪಯೋಗವಿಲ್ಲ. ಥೈರಾಯ್ಡ್ ಮಾತ್ರೆ ಥೈರಾಕ್ಸಿನ್‌ನ ಡೋಸ್ ಬದಲಿಸಿದರೆ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆಗೆ 6–8 ವಾರ ಕಾಯಬೇಕು. ಇವನ್ನು ಕಾರವಾರದಲ್ಲೇ ಮಾಡಿಸಿ, ರಿಪೋರ್ಟ್ ಹಿಡಿದು ಬರಲಿ ಎಂದು ಡಿಸ್ಚಾರ್ಜ್ ಕಾರ್ಡಿನಲ್ಲೇ ನಮೂದಿಸಬೇಕಿತ್ತು. ಎರಡಕ್ಕೂ ಖಾಲಿ ಹೊಟ್ಟೆ ಬೇಕಿಲ್ಲ ಎಂಬುದನ್ನೂ ಸೇರಿಸಬೇಕಿತ್ತು. ಇಲ್ಲವಾದರೆ ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ, ತಿಂಡಿ ಬಿಟ್ಟು, ಬೆಳಗಿನ ಕದಂಬ (ಗೋವಾ ಸಾರಿಗೆ) ಬಸ್ ಹತ್ತುತ್ತಾರೆ. ದಾರಿಯಲ್ಲೇ ಸಕ್ಕರೆ ಇಳಿದು, ಓಪಿಡಿಗೆಂದು ಹೊರಟವರು ಕ್ಯಾಷುವಾಲ್ಟಿ ಸೇರುತ್ತಾರೆ.