ಎಲುಬಿನ ಹದ

ಕಾರಹುಣ್ಣಿಮೆಯ ಮಧ್ಯಾಹ್ನ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದೆ. ಹಾವೇರಿ ತಾಲ್ಲೂಕಿನ ನಮ್ಮೂರಿನಲ್ಲಿ ಅಂದು ಸಂಜೆ ಕರಿ ಹರಿಯುವ ಗಡಿಬಿಡಿ. ಕಣ್ಣಿಗೆ ನೊಣ ಕೂತಿತ್ತೋ ಏನೋ, ಎತ್ತು ತಲೆ ಕೊಡವಿತು. ಕೋಡಿನ ಬುಡ ನನ್ನ ಮೂಗಿಗೆ ಬಡಿಯಿತು. ‘ಕಟಕ್’ ಎಂಬ ಸದ್ದು ತಲೆಯೊಳಗಿಂದಲೇ ಬಂತು. ಅಂಗೈಯಲ್ಲಿ ಬಣ್ಣ ಯಾವುದು, ರಕ್ತ ಯಾವುದು ತಿಳಿಯಲಿಲ್ಲ.

ಅಣ್ಣ ಬೈಕಿನಲ್ಲಿ ಪೇಟೆಯ ವೈದ್ಯರಲ್ಲಿಗೆ ಕರೆದೊಯ್ದ. ಅವರು ಮೊದಲು ನೋಡಿದ್ದು ಮೂಗಿನ ಒಳಗನ್ನು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮೃದ್ವಸ್ಥಿಗೆ ಅದನ್ನು ಹೊದ್ದ ತೆಳುಪೊರೆಯಿಂದಲೇ ಪೋಷಣೆ. ನಡುವೆ ರಕ್ತ ತುಂಬಿ ಪೊರೆ ಬಿಟ್ಟುಕೊಂಡರೆ ಮೃದ್ವಸ್ಥಿ ಸಾಯುತ್ತದೆ, ಮೂಗಿನ ಬೆನ್ನೇ ಕುಸಿಯುತ್ತದೆ. ಹಾಗಾಗಿದ್ದರೆ ತಡಮಾಡದೆ ಕೊಯ್ದು ರಕ್ತ ತೆಗೆಯಬೇಕು ಎಂದರು. ಪುಣ್ಯಕ್ಕೆ ನನಗೆ ಹಾಗಾಗಿರಲಿಲ್ಲ. ‘ಬಾವು ಇಳಿಯದೆ ಆಕಾರ ತಿಳಿಯುವುದಿಲ್ಲ. ನಾಲ್ಕೈದು ದಿನ ಬಿಟ್ಟು ಹುಬ್ಬಳ್ಳಿಯಲ್ಲಿ ಮೂಗಿನ ತಜ್ಞರಿಗೆ ತೋರಿಸಿ, ಮುಂದೆ ಹಾಕಬೇಡಿ’ ಎಂದು ಕಳಿಸಿದರು.

ಐದನೆಯ ದಿನ ಬಾವು ಇಳಿಯಿತು. ಕನ್ನಡಿ ನೋಡಿ ಎದೆ ಧಸಕ್ಕೆಂದಿತು. ಮೂಗು ಎಡಕ್ಕೆ ವಾಲಿತ್ತು, ಬಲಗಡೆ ಸಣ್ಣ ತಗ್ಗು ಬಿದ್ದಿತ್ತು. ಅದೇ ರಾತ್ರಿ ಮಳೆಯೂ ಬಂತು. ಗೋವಿನಜೋಳದ ಬೀಜ, ಗೊಬ್ಬರ ಮನೆಯಲ್ಲೇ ಇದ್ದವು. ಹದ ತಪ್ಪಿದರೆ ವರ್ಷವೇ ತಪ್ಪಿದಂತೆ ಎಂದು ಕೂರಿಗೆ ಹೂಡಿದೆ. ಬಿತ್ತನೆ ಮುಗಿಸಿ ಹುಬ್ಬಳ್ಳಿಯ ಬಸ್ ಹತ್ತಿದ್ದು 22ನೆಯ ದಿನ.

ತಜ್ಞರು ಎರಡೂ ಹೆಬ್ಬೆರಳುಗಳಿಂದ ಮೂಗನ್ನು ಮೆಲ್ಲಗೆ ಒತ್ತಿ ನೋಡಿದರು. ‘ಒಂದೆರಡು ವಾರದೊಳಗೆ ಬಂದಿದ್ದರೆ ಅರಿವಳಿಕೆ ಕೊಟ್ಟು, ಚರ್ಮ ಕೊಯ್ಯದೆ ಎಲುಬನ್ನು ಎತ್ತಿ ಕೂರಿಸಬಹುದಿತ್ತು. ಈಗ ವಾಲಿದಲ್ಲೇ ಕೂಡಿಕೊಂಡಿದೆ’ ಎಂದರು. ಇನ್ನು ಶಸ್ತ್ರಚಿಕಿತ್ಸೆಯೇ ದಾರಿ. ಅದಕ್ಕೂ ಪೆಟ್ಟು ಪೂರ್ತಿ ಮಾಗಲು ಮೂರರಿಂದ ಆರು ತಿಂಗಳು ಕಾಯಬೇಕು. ನೆಲಕ್ಕಿರುವಂತೆ ಎಲುಬಿಗೂ ಹದವಿದೆ ಎಂದು ಯಾರೂ ಹೇಳಿರಲಿಲ್ಲ ಎನ್ನಲಾರೆ. ಪೇಟೆಯ ವೈದ್ಯರು ಹೇಳಿದ್ದರು, ನಾನೇ ಕಿವಿಗೊಡಲಿಲ್ಲ.

ಪತ್ರಿಕೆ ಓದಲು ಹಾಕುವ ಕನ್ನಡಕ ಈಗ ಸೊಟ್ಟಗೆ ಕೂರುತ್ತದೆ. ಅದಕ್ಕಿಂತ ಕಾಡುವುದು ರಾತ್ರಿ. ಒಂದು ಹೊಳ್ಳೆ ಕಟ್ಟಿ, ಬಾಯಿ ಒಣಗಿ ಎಚ್ಚರವಾಗುತ್ತದೆ. ಕತ್ತಲಲ್ಲಿ ಮೂಗಿನ ಬೆನ್ನ ಮೇಲೆ ಬೆರಳಾಡಿಸುತ್ತೇನೆ. ಆ ತಗ್ಗು ಇನ್ನೂ ನನ್ನದೆನಿಸಿಲ್ಲ. ಅವ್ವ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಿ ಕಣ್ಣು ತಗ್ಗಿಸುತ್ತಾಳೆ.

ಗೋವಿನಜೋಳ ಕಾಳು ಕಟ್ಟಿದೆ. ಕಟಾವು ಮುಗಿಯಲಿ, ಆಮೇಲೆ ಹೋಗೋಣ ಎಂದು ಮೊನ್ನೆ ಬಾಯಿತಪ್ಪಿ ಅಂದುಬಿಟ್ಟೆ. ಅವ್ವ ತಟ್ಟೆಗೆ ರೊಟ್ಟಿ ಹಾಕುವುದನ್ನು ನಿಲ್ಲಿಸಿದಳು. ‘ತೆನೆ ಮುರಿಸಲು ಆಳು ಹಚ್ಚುತ್ತೇನೆ. ನೀನು ಸೋಮವಾರ ಹುಬ್ಬಳ್ಳಿಗೆ ನಡೆ’ ಎಂದ ಅಣ್ಣ.