ಹಳೆ ಲ್ಯಾಪ್‌ಟಾಪ್, ಹೊಸ ಜಗಳ

ನಿನ್ನೆ ಸಂಜೆ ತುಮಕೂರಿನ ಟೌನ್‌ಹಾಲ್ ಸರ್ಕಲ್ ಹತ್ತಿರ ಇಬ್ಬರು ಜೋರಾಗಿ ಜಗಳ ಆಡುತ್ತಿದ್ದರು. ಒಬ್ಬ ಹಳೆ ಲ್ಯಾಪ್‌ಟಾಪ್ ಮಾರಿದವನು, ಇನ್ನೊಬ್ಬ ಕೊಂಡವನು. ಪರಿಚಯವೇ ಇಲ್ಲದವರು.

"ಚಾರ್ಜರ್ ತೆಗೆದ್ರೆ ಆಫ್ ಆಗುತ್ತೆ ಗುರು!"

"ಆನ್ ಮಾಡಿ ನೋಡ್ಕೊಂಡೇ ತಗೊಂಡೆ ಅಲ್ವಾ?"

ಇಬ್ಬರ ಮಾತೂ ನಿಜ ಇರಬಹುದು. ಕಷ್ಟ ಇರುವುದೇ ಅಲ್ಲಿ.

ಅಂಗಡಿಯವರು ಮಾರಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಮನೆಯಲ್ಲಿದ್ದ ಹಳೆಯದನ್ನು ಯಾರೋ ಮಾರಿದರೆ 2019ರ ಗ್ರಾಹಕ ಕಾಯ್ದೆ ಅಷ್ಟು ಸುಲಭವಾಗಿ ಕೈಹಿಡಿಯುವುದಿಲ್ಲ. ಉಳಿಯುವುದು 1930ರ ಸರಕು ಮಾರಾಟ ಕಾಯ್ದೆ, ಸಿವಿಲ್ ಕೋರ್ಟ್. ಹಳೆ ಲ್ಯಾಪ್‌ಟಾಪ್‌ಗೋಸ್ಕರ ಯಾರು ವಕೀಲರ ಫೀಸ್ ಕಟ್ಟುತ್ತಾರೆ? ಆನ್‌ಲೈನಲ್ಲಿ ಮುಂಗಡ ಹಾಕಿಸಿಕೊಂಡು ಮಾಯವಾದರೆ ಮಾತ್ರ ವಿಷಯ ಬೇರೆ, ಅದು ವಂಚನೆ. ತಕ್ಷಣ ಸೈಬರ್ ಸಹಾಯವಾಣಿಗೆ ಫೋನ್ ಮಾಡಬೇಕು. ಆ ನಂಬರೂ 1930, ಸುಮ್ನೆ ಕಾಕತಾಳೀಯ.

ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಇದೆ. ಹೊಸದರಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತಿತ್ತು, ಈಗೆಷ್ಟು, ಎರಡನ್ನೂ ತೋರಿಸುತ್ತದೆ. ಅದನ್ನೂ ಬಿಲ್ಲಿನ ಫೋಟೋವನ್ನೂ ಮೊದಲೇ ವಾಟ್ಸಾಪ್ ಮಾಡಿದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ. ಕೇಳಿದರೆ ಮಾತ್ರ "ನಂಬಿಕೆ ಇಲ್ವಾ?" ಅಂತ ಮುಖ ಊದಿಸಿಕೊಳ್ಳುತ್ತಾರೆ. ಹೆಸರೂ ಗೊತ್ತಿಲ್ಲದವರ ಮೇಲೆ ನಂಬಿಕೆ ಎಲ್ಲಿಂದ ತರೋದು ಸ್ವಾಮಿ!